ಇಳಕಲ್ ಸೀರೆಯ ಒಡಲಿಗೆ ಫ್ಯೂಷಿಯಾ ಬಣ್ಣ: ಹದ ಹೇಗೆ?

ಇಳಕಲ್ಲಿನ ನೇಕಾರ್ತಿ:
ಪುಣೆಯ ಗಿರಾಕಿಯೊಬ್ಬರು ಮೊಬೈಲ್‌ನಲ್ಲಿ ಹೂವಿನ ಚಿತ್ರ ಕಳಿಸಿ, ಒಡಲು ಇದೇ ಫ್ಯೂಷಿಯಾ (ನೇರಳೆ ಬೆರೆತ ಕಡು ಗುಲಾಬಿ) ಬಣ್ಣದಲ್ಲಿರಬೇಕು ಎಂದಿದ್ದಾರೆ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಚಿಕ್ಕಿ ಪರಾಸ ಎಂಬ ಸಾಂಪ್ರದಾಯಿಕ ವಿನ್ಯಾಸದ ದಡಿ. ದಡಿಗೆ ಬಳಸುವ ಕೆಂಪಿಗೇ ನೀಲಿ ಬೆರೆಸಿ ಅದ್ದಿದ ನೂಲಿನ ಲಡಿ ಕಂದು ಹೊಡೆಯುತ್ತಿದೆ. ಏನು ಮಾಡಬೇಕು? ಈ ಬಣ್ಣ ಬಂದದ್ದಾದರೂ ಎಲ್ಲಿಂದ?

ವಿಜಯಪುರದ ಚಿತ್ರಕಲಾ ಶಿಕ್ಷಕ:
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಲಿಯೊನ್‌ಹಾರ್ಟ್ ಫುಕ್ಸ್ 16ನೆಯ ಶತಮಾನದ ಜರ್ಮನ್ ಸಸ್ಯಶಾಸ್ತ್ರಜ್ಞ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಲೂಮಿಯೆ ಕೆರಿಬಿಯನ್ ದ್ವೀಪದಲ್ಲಿ ಕಂಡ ಗಿಡಕ್ಕೆ 1703ರ ತನ್ನ ಗ್ರಂಥದಲ್ಲಿ ಫುಕ್ಸ್‌ನ ನೆನಪಿಗೆ ಫ್ಯೂಷಿಯಾ ಎಂದು ಹೆಸರಿಟ್ಟ. 1859ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ಗ್ಯಾಂ ಅನಿಲಿನ್ ಎಂಬ ರಾಸಾಯನಿಕದಿಂದ ತಯಾರಿಸಿದ ಬಣ್ಣ ಆ ಹೂವನ್ನು ಹೋಲುತ್ತಿದ್ದುದರಿಂದ ಫುಕ್ಸಿನ್ ಎನಿಸಿತು. ಅದೇ ವರ್ಷದ ಜೂನ್‌ನಲ್ಲಿ ಇಟಲಿಯ ಮಜೆಂಟಾ ಊರಿನ ಬಳಿ ಫ್ರೆಂಚರು ಮತ್ತು ಸಾರ್ಡೀನಿಯದವರು ಆಸ್ಟ್ರಿಯಾವನ್ನು ಸೋಲಿಸಿದರು. ಆ ಗೆಲುವಿನ ಹೆಸರೂ ಇದೇ ಬಣ್ಣಕ್ಕೆ ಅಂಟಿತು. ಇಂದಿಗೂ ಕಂಪ್ಯೂಟರ್ ಪರದೆಯಲ್ಲಿ ಫ್ಯೂಷಿಯಾ, ಮಜೆಂಟಾ ಎರಡೂ ಒಂದೇ: ಕೆಂಪು 255, ಹಸಿರು 0, ನೀಲಿ 255.

ಗುಳೇದಗುಡ್ಡದ ಬಣ್ಣಗಾರ:
ಅಕ್ಕಾ, ಮೊದಲು ಆ ಮೊಬೈಲ್ ಚಿತ್ರವನ್ನು ಬದಿಗಿಡಿ. ಪರದೆ ಬೆಳಕನ್ನು ಹೊಮ್ಮಿಸುತ್ತದೆ, ನೂಲು ಬೆಳಕನ್ನು ನುಂಗುತ್ತದೆ. ಆ ಹೊಳಪು ನೂಲಿಗೆ ಬಾರದು. ಗಿರಾಕಿಯಿಂದ ಬಟ್ಟೆಯ ತುಂಡನ್ನೇ ತರಿಸಿಕೊಳ್ಳಿ.

ದಡಿಯ ಕೆಂಪಿನಲ್ಲಿ ಹಳದಿಯ ಛಾಯೆ ಇರುತ್ತದೆ. ಅದಕ್ಕೆ ನೀಲಿ ಬಿದ್ದರೆ ಕಂದು ಬಾರದೆ ಇನ್ನೇನು ಬಂದೀತು? ನೀಲಿ ಛಾಯೆಯ ಗುಲಾಬಿ ಕೆಂಪನ್ನು, ನಾವು ರಾಣಿ ಬಣ್ಣಕ್ಕೆ ಬಳಸುವುದನ್ನೇ, ತಳಹದಿ ಮಾಡಿಕೊಳ್ಳಿ. ಅದಕ್ಕೆ ನೇರಳೆಯನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಿ. ಹಳದಿಯ ಸೋಂಕು ಎಲ್ಲಿಯೂ ಬೇಡ. ಹಿಂದಿನ ಬಣ್ಣ ಉಳಿದ ಪಾತ್ರೆಯೂ ಬೇಡ.

ಹತ್ತಿಗೆ ನೂಲಿನೊಂದಿಗೆ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣ, ಉಪ್ಪು, ಆಮೇಲೆ ವಾಷಿಂಗ್ ಸೋಡಾ. ರೇಷ್ಮೆಗೆ ಹುಳಿ ನೀರಿನಲ್ಲಿ ಹಿಡಿಯುವ ಆಸಿಡ್ ಬಣ್ಣ. ಎರಡೂ ನೂಲು ಬಿಸಿಲಿನಲ್ಲಿ ಒಂದಾಗಿ ಕಂಡು ಟ್ಯೂಬ್‌ಲೈಟಿನಲ್ಲಿ ಬೇರೆಯಾಗಬಹುದು, ಆದ್ದರಿಂದ ಎರಡು ಬೆಳಕಿನಲ್ಲೂ ನೋಡಿ. ಕಣ್ಣು ಕೋರೈಸುವ ರೋಡಮಿನ್ ಎಂಬ ಗುಲಾಬಿ ಬಣ್ಣವನ್ನು ಅಗ್ಗವೆಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಬಿಸಿಲಿಗೆ ಬೇಗ ಮಾಸುತ್ತದೆ, ಮಾಸಿದ ಸೀರೆಗೆ ಹೆಸರು ಕೆಡುವುದು ನೇಯ್ದವರದು.

ನನ್ನನ್ನು ಕೇಳಿದರೆ ಇನ್ನೊಂದು ದಾರಿಯೇ ಚೆಂದ. ಹಾಸು (ಉದ್ದದ ನೂಲು) ರಾಣಿ ಬಣ್ಣದ್ದು, ಹೊಕ್ಕು (ಅಡ್ಡ ನೂಲು) ನೇರಳೆಯದು. ಬಣ್ಣದ ತೊಟ್ಟಿಯಲ್ಲಿ ಬೆರೆಸದ ಎರಡು ಬಣ್ಣ ಮಗ್ಗದಲ್ಲಿ ಬೆರೆಯುತ್ತವೆ. ನೆರಿಗೆ ಬಿದ್ದಲ್ಲೆಲ್ಲ ಛಾಯೆ ಹೊರಳುತ್ತದೆ. ಗಿರಾಕಿ ಒಪ್ಪಿದರೆ ಇದನ್ನೇ ನೇಯಿರಿ.

ಬೆಳಗಾವಿಯ ಸೀರೆ ವ್ಯಾಪಾರಿ:
ನಮ್ಮ ಅಂಗಡಿಯಲ್ಲಿ ರಾಣಿ ಬಣ್ಣವನ್ನು ಹೆಚ್ಚಾಗಿ ಕೇಳುವವರು ಮದುವೆ, ಸೀಮಂತದ ಮನೆಯವರು. ಗಿಳಿಹಸಿರು ದಡಿಯೊಂದಿಗೆ ಅದು ಎದ್ದು ಕಾಣುತ್ತದೆ. ಆದರೆ ಸೆರಗು ಮಾತ್ರ ಕೆಂಪು-ಬಿಳಿಯ ಟೋಪ ತೆನೆ ಎಂಬ ಸಾಂಪ್ರದಾಯಿಕ ವಿನ್ಯಾಸದ್ದೇ ಇರಲಿ. ಅದನ್ನೂ ಬದಲಿಸಿದರೆ ಇಳಕಲ್ ಸೀರೆ ಎಂದು ಯಾರು ಗುರುತಿಸುತ್ತಾರೆ?

ಇಳಕಲ್ಲಿನ ನೇಕಾರ್ತಿ:
ಹಾಸು-ಹೊಕ್ಕಿನ ಮಾತು ಮನಸ್ಸಿಗೆ ಬಂತು, ಅಣ್ಣಾ. ಸೆರಗನ್ನು ಬದಲಿಸುವುದಿಲ್ಲ. ಒಂದೇ ಭಯ: ಒಗೆದಾಗ ಒಡಲಿನ ಬಣ್ಣ ಬಿಟ್ಟು ಸೆರಗಿನ ಬಿಳಿಗೆ ಹತ್ತಿದರೆ?

ಗುಳೇದಗುಡ್ಡದ ಬಣ್ಣಗಾರ:
ಅದ್ದಿದ ಲಡಿಯನ್ನು ಸಾಬೂನಿನ ನೀರಿನಲ್ಲಿ ಕುದಿಸಿ, ನೀರು ತಿಳಿಯಾಗುವವರೆಗೂ ಜಾಲಿಸಿ. ಬಳಿಕ ಬಿಳಿ ನೂಲಿನ ಜೊತೆ ಹೆಣೆದು ಒಂದು ರಾತ್ರಿ ನೆನೆಸಿಡಿ. ಬಿಳಿ ಬಿಳಿಯಾಗಿಯೇ ಉಳಿದರೆ ಮಾತ್ರ ಹಾಸು ಹೂಡಿ.