ಮನೆಯ ಡ್ಯಾಶ್‌ಬೋರ್ಡಿನ ಮೊದಲ ಪುಟದಲ್ಲಿ ಏನಿರಬೇಕು?

ಪ್ರಶ್ನೆ (ಬಸವನಗುಡಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೆಳಗೊಂದು ಮೇಲೊಂದು ಮನೆ. ಕೆಳಗೆ ತಂದೆ ತಾಯಿ ಇದ್ದಾರೆ. ಮೇಲೆ ನಾನು, ನನ್ನ ಹೆಂಡತಿ ಮತ್ತು ಮಗಳು ಇದ್ದೇವೆ. ಒಂದೂವರೆ ವರ್ಷದಿಂದ ಬಿಡುವಾದಾಗಲೆಲ್ಲ ಕುಳಿತು ಮನೆಯ ಉಪಕರಣಗಳನ್ನು ಒಂದೊಂದಾಗಿ ಹೋಮ್ ಅಸಿಸ್ಟೆಂಟ್‌ಗೆ (ಮನೆಯ ಉಪಕರಣಗಳನ್ನು ಒಂದೇ ಕಡೆಯಿಂದ ನಡೆಸುವ ತಂತ್ರಾಂಶ) ಜೋಡಿಸಿದ್ದೇನೆ. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ ಅದು ನಡೆಯುತ್ತಿದೆ. ದೀಪ ಮತ್ತು ಫ್ಯಾನುಗಳ ಜಿಗ್‌ಬೀ (ತಂತಿಯಿಲ್ಲದೆ ಮಾತನಾಡುವ) ಸ್ವಿಚ್ಚುಗಳು, ಎರಡು ಗೀಸರ್, ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಒಂದು ಎಚ್‌ಪಿ ಮೋಟಾರ್, ಸಂಪು ಮತ್ತು ಟ್ಯಾಂಕುಗಳ ನೀರಿನ ಮಟ್ಟ ಅಳೆಯುವ ಸೆನ್ಸರುಗಳು, ಯುಪಿಎಸ್, ಗೇಟಿನ ಕ್ಯಾಮೆರಾ ಇವೆಲ್ಲವೂ ಈಗ ಒಂದೇ ಕಡೆ ಸಿಗುತ್ತವೆ. ಊಟದ ಮೇಜಿನ ಪಕ್ಕದ ಗೋಡೆಗೆ ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದನ್ನು ಹಾಕಿ, ಹಜಾರ, ಅಡುಗೆಮನೆ, ದೇವರ ಕೋಣೆ, ಮಲಗುವ ಕೋಣೆ ಎಂದು ಕೋಣೆವಾರು ವಿಂಗಡಿಸಿದ 46 ಗುಂಡಿಗಳ ಡ್ಯಾಶ್‌ಬೋರ್ಡ್ ಪುಟವನ್ನು ಮೂರು ವಾರ ಕುಳಿತು ಸಿದ್ಧಪಡಿಸಿದೆ.

ಆದರೆ ಅದನ್ನು ನನ್ನ ಹೊರತು ಯಾರೂ ಬಳಸುತ್ತಿಲ್ಲ. ಟ್ಯಾಂಕಿನಲ್ಲಿ ನೀರೆಷ್ಟಿದೆ ಎಂದು ನೋಡಲು ಎಪ್ಪತ್ತೆರಡು ವರ್ಷದ ಅಪ್ಪ ಟ್ಯಾಬ್ಲೆಟ್‌ನ ಮುಂದಿನಿಂದಲೇ ಹಾದು ತಾರಸಿಗೆ ಹತ್ತುತ್ತಾರೆ. ಅಮ್ಮ ನಾನು ಆಫೀಸಿನಲ್ಲಿರುವಾಗ ಫೋನ್ ಮಾಡಿ, ಮೋಟಾರ್ ನಿಂತಿದೆಯೇ ನೋಡು ಎನ್ನುತ್ತಾರೆ. ಅವರು ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ಎರಡು ತಿಂಗಳ ಹಿಂದೆ ಪರದೆಯ ಮೇಲೆ ಮೋಟಾರ್ 'ಆಫ್' ಎಂದೇ ಕಾಣುತ್ತಿತ್ತು. ಮೋಟಾರ್ ಮಾತ್ರ ಓಡುತ್ತಲೇ ಇದ್ದು, ಟ್ಯಾಂಕ್ ತುಂಬಿ ನಲವತ್ತು ನಿಮಿಷ ನೀರು ಚರಂಡಿ ಪಾಲಾಯಿತು. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ನಮ್ಮ ಬೀದಿಯಲ್ಲಿ ಅದು ಸಣ್ಣ ನಷ್ಟವಲ್ಲ. ಅಂದಿನಿಂದ ಅಪ್ಪನಿಗೆ ಆ ಪರದೆಯ ಮೇಲೆ ನಂಬಿಕೆ ಇಲ್ಲ.

ಪುಟವನ್ನು ಮೊದಲಿನಿಂದ ಮತ್ತೆ ರೂಪಿಸಬೇಕೆಂದಿದ್ದೇನೆ. ಕೋಣೆವಾರು ಇಡುವುದು ಸರಿಯೇ, ಅಥವಾ ಕೆಲಸವಾರು ಇಡಬೇಕೇ? ಮೊದಲ ಪುಟದಲ್ಲಿ ಎಷ್ಟು ಸಂಗತಿಗಳಿರಬೇಕು? ಎಲ್ಲವನ್ನೂ ಕನ್ನಡದಲ್ಲಿ ಬರೆಯುವುದಾದರೆ ಯಾವ ತೊಂದರೆಗಳು ಎದುರಾಗುತ್ತವೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಮಲ್ಲೇಶ್ವರದಿಂದ)

ಕೋಣೆವಾರು ಪಟ್ಟಿ ವೈರಿಂಗ್ ಮಾಡುವವರಿಗೆ ಅನುಕೂಲವೇ ಹೊರತು ಮನೆಯಲ್ಲಿ ಬಾಳುವವರಿಗೆ ಅಲ್ಲ ಎಂಬುದು ನನ್ನ ಅನುಭವ. ಹಜಾರದಲ್ಲಿ ಕುಳಿತವರ ಕೈಗೆ ಹಜಾರದ ದೀಪದ ಸ್ವಿಚ್ಚು ಹೇಗೂ ಎಟುಕುತ್ತದೆ. ಅದಕ್ಕಾಗಿ ಊಟದ ಮೇಜಿನವರೆಗೆ ನಡೆದು ಬಂದು ಗಾಜಿನ ಮೇಲೆ ಬೆರಳಿಡುವವರು ಯಾರೂ ಇಲ್ಲ. ನಿಮ್ಮ 46 ಗುಂಡಿಗಳಲ್ಲಿ ಮೂವತ್ತಾದರೂ ಇಂಥವೇ ಇರಬೇಕು. ಅವನ್ನು ಅಳಿಸಬೇಕಾಗಿಲ್ಲ, ಎರಡನೆಯ ಪುಟಕ್ಕೆ ಸಾಗಿಸಿ.

ಮೊದಲ ಪುಟವನ್ನು ಕಂಪ್ಯೂಟರಿನ ಮುಂದೆ ಕುಳಿತು ರೂಪಿಸಬೇಡಿ. ಒಂದು ವಾರ ಒಂದು ನೋಟುಪುಸ್ತಕವನ್ನು ಅಡುಗೆಮನೆಯಲ್ಲಿಟ್ಟು, ಮನೆಯವರು ಒಬ್ಬರನ್ನೊಬ್ಬರು ಕೂಗಿ ಕೇಳುವ ಪ್ರಶ್ನೆಗಳನ್ನು ಕೇಳಿಸಿದ ಹಾಗೆಯೇ ಬರೆದುಕೊಳ್ಳಿ. ನಮ್ಮ ಮನೆಯ ಪುಸ್ತಕದಲ್ಲಿ ಸೇರಿದ್ದು ಇಷ್ಟೇ: ನೀರು ಬಂತೇ, ಮೋಟಾರ್ ಹಾಕಿದ್ದೀರಾ, ಗೀಸರ್ ಆರಿಸಿದಿರಾ, ಗೇಟಿನ ಹತ್ತಿರ ಯಾರು, ಕರೆಂಟ್ ನಮ್ಮ ಮನೆಗೆ ಮಾತ್ರ ಹೋಗಿದೆಯೇ ಅಥವಾ ಬೀದಿಗೆಲ್ಲ ಹೋಗಿದೆಯೇ. ಕೊನೆಯ ಪ್ರಶ್ನೆಗೆ ಯಾವ ಸೆನ್ಸರೂ ಉತ್ತರಿಸುವುದಿಲ್ಲ, ಕಿಟಕಿಯಿಂದಲೇ ನೋಡಬೇಕು. ಉಳಿದ ನಾಲ್ಕೇ ನಮ್ಮ ಮೊದಲ ಪುಟವಾಯಿತು.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನ ಮನೆಗಳಲ್ಲಿ ಡ್ಯಾಶ್‌ಬೋರ್ಡಿನ ನಿಜವಾದ ಉಪಯೋಗ ಇರುವುದು ಅಲ್ಲಿಯೇ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಊರೆಲ್ಲ ಕಾದಿದ್ದನ್ನು ಯಾರೂ ಮರೆತಿಲ್ಲ. ಆಗ ನಮಗೆ ಬೇಕಾಗಿದ್ದ ಉತ್ತರ 'ಶೇಕಡಾ 38' ಎಂಬುದಲ್ಲ. ಇರುವ ನೀರು ಎಲ್ಲಿಯವರೆಗೆ ಬರುತ್ತದೆ, ಟ್ಯಾಂಕರಿಗೆ ಇವತ್ತೇ ಹೇಳಬೇಕೇ ಎಂಬುದು. ಸಂಪಿನ ಉದ್ದ ಎರಡು ಮೀಟರ್, ಅಗಲ ಒಂದೂವರೆ ಮೀಟರ್ ಇದ್ದರೆ ಪ್ರತಿ ಸೆಂಟಿಮೀಟರ್ ಎತ್ತರಕ್ಕೆ 30 ಲೀಟರ್ ನೀರು. ಸೆನ್ಸರ್ ಹೇಳುವ ಎತ್ತರವನ್ನು ಲೀಟರಿಗೆ ತಿರುಗಿಸಿ, ಮೇಲಿನ ಟ್ಯಾಂಕಿನದನ್ನೂ ಕೂಡಿಸಿ, ಹಿಂದಿನ ಏಳು ದಿನಗಳ ಸರಾಸರಿ ಬಳಕೆಯಿಂದ ಭಾಗಿಸಿದರೆ ಉಳಿದ ದಿನಗಳು ಸಿಗುತ್ತವೆ. ಹೋಮ್ ಅಸಿಸ್ಟೆಂಟ್‌ನಲ್ಲಿ ಇದಕ್ಕೆ ಒಂದು ಟೆಂಪ್ಲೇಟ್ ಸೆನ್ಸರ್ (ಬೇರೆ ಅಳತೆಗಳಿಂದ ಲೆಕ್ಕ ಹಾಕಿ ತೋರಿಸುವ ಸೆನ್ಸರ್) ಸಾಕು. ನಮ್ಮ ಪರದೆಯ ಮೇಲೆ ಈಗ 'ನೀರು ಗುರುವಾರ ಸಂಜೆಯವರೆಗೆ ಬರುತ್ತದೆ' ಎಂಬ ಒಂದೇ ಸಾಲು ಇರುತ್ತದೆ; ಅದನ್ನು ಒತ್ತಿದವರಿಗೆ ಲೀಟರ್ ಮತ್ತು ಗ್ರಾಫ್ ಕಾಣುತ್ತದೆ. ನಮ್ಮ ಮನೆಯಲ್ಲಿ ಗ್ರಾಫನ್ನು ತೆರೆಯುವವನು ನಾನೊಬ್ಬನೇ.

ಹೇಳುವಂಥದ್ದು ಏನೂ ಇಲ್ಲದಿದ್ದಾಗ ಪುಟ ಸುಮ್ಮನಿರಬೇಕು. ಗೀಸರ್ ಆರಿದ್ದರೆ ಅದರ ಗುಂಡಿ ಕಾಣುವ ಅಗತ್ಯವಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೊತ್ತಿದ್ದರೆ ಮಾತ್ರ ಕಾಣಲಿ. ಷರತ್ತಿನ ಮೇಲೆ ಕಾರ್ಡ್ (ಪುಟದಲ್ಲಿನ ಒಂದು ಚೌಕ) ತೋರಿಸುವ ಸೌಲಭ್ಯ ಹೋಮ್ ಅಸಿಸ್ಟೆಂಟ್‌ನಲ್ಲಿಯೇ ಇದೆ.

ಉತ್ತರ 2 (ವಿದ್ಯಾರಣ್ಯಪುರದಿಂದ)

ಮೇಲಿನವರ ಮಾತು ಒಪ್ಪತಕ್ಕದ್ದೇ. ಆದರೆ ಪುಟದ ಅಂದಕ್ಕೆ ಕೈ ಹಾಕುವ ಮೊದಲು ಆ ನಲವತ್ತು ನಿಮಿಷಗಳ ಕಾರಣವನ್ನು ಕಂಡುಹಿಡಿಯಿರಿ. ತಮ್ಮ ತಂದೆಯವರು ಪರದೆಯನ್ನು ನಂಬದಿರುವುದು ಹಟದಿಂದಲ್ಲ, ಅವರ ತೀರ್ಮಾನ ಸರಿಯಾಗಿಯೇ ಇದೆ. ನಾನು ಇಪ್ಪತ್ತು ವರ್ಷ ಕಂಟ್ರೋಲ್ ಪ್ಯಾನೆಲ್‌ಗಳ ಕೆಲಸ ಮಾಡಿದವನು. ಸುಳ್ಳು ಹೇಳುವ ಮೀಟರ್ ಇರುವುದಕ್ಕಿಂತ ಮೀಟರ್ ಇಲ್ಲದಿರುವುದೇ ವಾಸಿ.

ಪರದೆಯ ಮೇಲೆ ಕಾಣುವ 'ಆಫ್' ಎಂಬುದು ಮೂರರಲ್ಲಿ ಒಂದಾಗಿರಬಹುದು: ಆಫ್ ಆಗೆಂದು ತಾವು ಕಳುಹಿಸಿದ ಆಜ್ಞೆ, ಆಜ್ಞೆ ತಲುಪಿತೆಂದು ರಿಲೇ (ಆಜ್ಞೆಯಂತೆ ಕರೆಂಟ್ ಹಾಕುವ, ಕಡಿಯುವ ಸ್ವಿಚ್ಚು) ಕೊಟ್ಟ ಉತ್ತರ, ಅಥವಾ ಮೋಟಾರಿನ ತಂತಿಯಲ್ಲಿ ನಿಜವಾಗಿಯೂ ಕರೆಂಟ್ ಹರಿಯುತ್ತಿಲ್ಲ ಎಂಬ ಅಳತೆ. ಎಂಕ್ಯೂಟಿಟಿ (ಉಪಕರಣಗಳು ಸಂದೇಶ ಕಳುಹಿಸಿಕೊಳ್ಳುವ ಪದ್ಧತಿ) ಸ್ವಿಚ್ಚಿಗೆ ಸ್ಥಿತಿ ತಿಳಿಸುವ ಟಾಪಿಕ್, ಅಂದರೆ ಸಂದೇಶದ ವಿಳಾಸ, ಕೊಡದಿದ್ದರೆ ಹೋಮ್ ಅಸಿಸ್ಟೆಂಟ್ ತನ್ನ ಆಜ್ಞೆ ನೆರವೇರಿತೆಂದು ಊಹಿಸಿಕೊಂಡು ಅದನ್ನೇ ತೋರಿಸುತ್ತದೆ. ರಿಲೇಯ ಉತ್ತರವೂ ಪೂರ್ಣ ಸತ್ಯವಲ್ಲ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಕರೆಂಟಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ದೀಪಕ್ಕೆಂದು ಮಾಡಿದ ಸಣ್ಣ ರಿಲೇಯನ್ನು ನೇರವಾಗಿ ಮೋಟಾರಿಗೆ ಹಾಕಿದರೆ ಅದರ ಸಂಪರ್ಕಬಿಂದುಗಳು ಬೆಸೆದುಕೊಂಡು, ಅವನ್ನು ಎಳೆದಿಡುವ ವಿದ್ಯುತ್ಕಾಂತದ ಸುರುಳಿ ಬಿಟ್ಟರೂ ದಾರಿ ತೆರೆಯುವುದಿಲ್ಲ. ತಮ್ಮಲ್ಲಿ ನಡೆದದ್ದು ಇದೇ ಎಂದು ನನ್ನ ಗುಮಾನಿ. ರಿಲೇ ಒಂದು ಕಾಂಟ್ಯಾಕ್ಟರನ್ನು (ಮೋಟಾರಿನಂಥ ಭಾರಕ್ಕೆಂದೇ ಮಾಡಿದ ದೊಡ್ಡ ರಿಲೇ) ನಡೆಸಲಿ, ಕಾಂಟ್ಯಾಕ್ಟರ್ ಮೋಟಾರನ್ನು ನಡೆಸಲಿ. ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ. 230 ವೋಲ್ಟಿನ ಮೇಲೆ ಸ್ವಂತ ಪ್ರಯೋಗ ಬೇಡ.

ನಂತರ ಮೋಟಾರಿನ ತಂತಿಗೆ ಒಂದು ಸಿಟಿ ಕ್ಲ್ಯಾಂಪ್ (ತಂತಿಯನ್ನು ಸುತ್ತಿ ಹಿಡಿದು ಕರೆಂಟ್ ಅಳೆಯುವ ಸೆನ್ಸರ್) ಹಾಕಿ, ಕರೆಂಟನ್ನು ಅಳೆದು, ಪರದೆಯಲ್ಲಿ ಆ ಅಳತೆಯ ಆಧಾರದಿಂದಲೇ 'ಓಡುತ್ತಿದೆ' ಎಂದು ತೋರಿಸಿ. ಆಜ್ಞೆಗೂ ಅಳತೆಗೂ ಹತ್ತು ಸೆಕೆಂಡಿನ ಮೇಲೂ ತಾಳೆಯಾಗದಿದ್ದರೆ ಅದೊಂದೇ ಸಂಗತಿ ಪುಟದ ತುಂಬ ಕಾಣುವಂತೆ ಮಾಡಿ. ಇದರಿಂದ ಇನ್ನೊಂದು ಲಾಭವೂ ಇದೆ: ಸಂಪಿನಲ್ಲಿ ನೀರಿಲ್ಲದೆ ಪಂಪು ಒಣಗಿ ಓಡಿದರೆ ಕರೆಂಟ್ ಗಮನಾರ್ಹವಾಗಿ ಇಳಿಯುತ್ತದೆ, ಅದನ್ನು ನೋಡಿ ನಿಲ್ಲಿಸಬಹುದು.

ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಹೊಣೆಯನ್ನು ಮಾತ್ರ ಡ್ಯಾಶ್‌ಬೋರ್ಡಿಗೆ ವಹಿಸಬೇಡಿ. ವೈ-ಫೈ ಹೋಗಿರಲಿ, ರಾಸ್ಪ್‌ಬೆರಿ ಪೈನ ಎಸ್‌ಡಿ ಕಾರ್ಡ್ ಕೆಟ್ಟಿರಲಿ, ಟ್ಯಾಂಕಿನ ಫ್ಲೋಟ್ ಸ್ವಿಚ್ಚು (ನೀರಿನ ಮೇಲೆ ತೇಲುತ್ತ ಮಟ್ಟ ಏರಿದಾಗ ಬದಲಾಗುವ ಸ್ವಿಚ್ಚು) ಕಾಂಟ್ಯಾಕ್ಟರಿನ ಸುರುಳಿಗೆ ಹೋಗುವ ಕರೆಂಟನ್ನು ನೇರವಾಗಿ ಕಡಿಯಬೇಕು.

ಹಳೆಯ ಸಂಖ್ಯೆಯೂ ಸುಳ್ಳು ಸಂಖ್ಯೆಯೇ. ಎಂಕ್ಯೂಟಿಟಿಯಲ್ಲಿ ಸಂದೇಶವನ್ನು 'ರೀಟೇನ್' ಮಾಡಿದ್ದರೆ, ಅಂದರೆ ಕೊನೆಯ ಸಂದೇಶವನ್ನು ಉಳಿಸಿಡಲು ಹೇಳಿದ್ದರೆ, ಸೆನ್ಸರ್ ಸತ್ತು ಮೂರು ದಿನವಾಗಿದ್ದರೂ, ವ್ಯವಸ್ಥೆ ಮರುಚಾಲನೆಯಾದ ಕೂಡಲೇ ಆ ಹಳೆಯ ಮಟ್ಟ ಹೊಸದರಂತೆ ಬಂದು ಕೂರುತ್ತದೆ. 'ಎಕ್ಸ್‌ಪೈರ್ ಆಫ್ಟರ್' ಎಂಬ ಅವಧಿಯನ್ನು ಕೊಟ್ಟು, ಅಷ್ಟರೊಳಗೆ ಹೊಸ ಅಳತೆ ಬರದಿದ್ದರೆ ಸಂಖ್ಯೆಯೇ ಮಾಯವಾಗಿ 'ಅಳತೆ ಬಂದಿಲ್ಲ' ಎಂದು ಕಾಣುವಂತೆ ಮಾಡಿ. ಎಂದಿಗೂ ಸೊನ್ನೆ ತೋರಿಸಬೇಡಿ. ಸೊನ್ನೆಯನ್ನು ಕಂಡವರು ಗಾಬರಿಯಾಗಿ ಟ್ಯಾಂಕರಿಗೆ ಫೋನ್ ಮಾಡುತ್ತಾರೆ.

ಉತ್ತರ 3 (ಜಯನಗರದಿಂದ)

ನಾನು ವೃತ್ತಿಯಿಂದ ಅಕ್ಷರವಿನ್ಯಾಸಕಿ, ಆದ್ದರಿಂದ ನಿಮ್ಮ ಕನ್ನಡದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಉಪಕರಣದ ಗುರುತು, ಅಂದರೆ ಎಂಟಿಟಿ ಐಡಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಇರಬೇಕು. ಆದರೆ ಪರದೆಯ ಮೇಲೆ ಕಾಣುವ ಹೆಸರನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ತೊಂದರೆ ಬರುವುದು ಸಾಲಿನ ಎತ್ತರದಲ್ಲಿ. ಸಿದ್ಧ ಕಾರ್ಡುಗಳ ಅಳತೆಗಳು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏರುತ್ತದೆ. 'ಸ್ವಿಚ್ಚು', 'ತೊಟ್ಟಿ' ಎಂಬಲ್ಲಿ ಒತ್ತು ಅರ್ಧ ಕತ್ತರಿಸಿಹೋದರೆ ಹಿರಿಯರಿಗೆ ಓದಲು ಆಗುವುದಿಲ್ಲ. ಸಾಲಿನ ಎತ್ತರವನ್ನು ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ, ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಅದರ ತೀರಾ ತೆಳುವಾದ ರೂಪವನ್ನು ಮಾತ್ರ ಆರಿಸಬೇಡಿ.

ಇದಕ್ಕಿಂತ ಮುಖ್ಯವಾದದ್ದು ಪದಗಳ ಆಯ್ಕೆ. ಗುಂಡಿಯ ಮೇಲೆ 'ಆಫ್' ಎಂದು ಬರೆದಿದ್ದರೆ, ಈಗ ಆಫ್ ಆಗಿದೆ ಎಂದೇ ಅಥವಾ ಒತ್ತಿದರೆ ಆಫ್ ಆಗುತ್ತದೆ ಎಂದೇ? ನನ್ನ ತಾಯಿಗೆ ಈ ಸಂಶಯ ಎಂದೂ ಬಗೆಹರಿಯಲಿಲ್ಲ, ಯೋಚಿಸಿದರೆ ನನಗೂ ಬಗೆಹರಿಯುವುದಿಲ್ಲ. ಕನ್ನಡದ ಕ್ರಿಯಾಪದಗಳು ಇಲ್ಲಿ ನಮಗೆ ದೊಡ್ಡ ಸಹಾಯ ಮಾಡುತ್ತವೆ. ಸ್ಥಿತಿಯನ್ನು ಒಂದು ವಾಕ್ಯವಾಗಿ ಬರೆಯಿರಿ: 'ಮೋಟಾರ್ ಓಡುತ್ತಿದೆ, 12 ನಿಮಿಷವಾಯಿತು.' ಅದರ ಕೆಳಗಿನ ಗುಂಡಿಯಲ್ಲಿ ಆಜ್ಞೆಯನ್ನು ಬರೆಯಿರಿ: 'ಮೋಟಾರ್ ನಿಲ್ಲಿಸಿ.' ಆಗ ಎರಡರ ನಡುವೆ ಗೊಂದಲಕ್ಕೆ ಎಡೆಯೇ ಇರುವುದಿಲ್ಲ. 'ಸಕ್ರಿಯ', 'ನಿಷ್ಕ್ರಿಯ' ಎಂಬಂಥ ಪದಗಳನ್ನು ಬಿಡಿ. ಊಟದ ಮೇಜಿನಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಮೋಟಾರ್, ಗೀಸರ್, ಸಂಪು, ಕರೆಂಟ್ ಇವೇ ನಮ್ಮ ಮನೆಮಾತುಗಳು, ಅವನ್ನೇ ಬರೆಯಿರಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಸ್ವಿಚ್ ಬೋರ್ಡುಗಳಲ್ಲಿ ಇಂಡಿಕೇಟರಿನ ಕೆಂಪು ದೀಪ ಎಂದರೆ 'ಕರೆಂಟ್ ಇದೆ' ಎಂದರ್ಥ, ಅಪಾಯ ಎಂದಲ್ಲ. ಹಿರಿಯರ ಕಣ್ಣಿಗೆ ಅದೇ ರೂಢಿಯಾಗಿದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣುಗಳೂ ಇವೆ. ಹಾಗಾಗಿ ಬಣ್ಣವೊಂದನ್ನೇ ನೆಚ್ಚಬೇಡಿ, ಜೊತೆಗೆ ಮಾತು ಇರಲಿ. ಗುಂಡಿಯ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆ ಬೇಡ, ಹಿರಿಯರ ಮನೆಗೆ ಒಂದೂವರೆ ಇದ್ದರೆ ಒಳ್ಳೆಯದು. ಟ್ಯಾಬ್ಲೆಟ್ ಯಾರ ಕಣ್ಣಿನ ಎತ್ತರದಲ್ಲಿದೆ ಎಂಬುದನ್ನೂ ನೋಡಿ. ಮನೆಗಳಲ್ಲಿ ಅದನ್ನು ಗೋಡೆಗೆ ಹಾಕಿದವರ ಎತ್ತರಕ್ಕೇ ಹೆಚ್ಚಾಗಿ ಇರುತ್ತದೆ.

ಉತ್ತರ 4 (ಕೆಂಗೇರಿಯಿಂದ)

ಎರಡು ಮಾತು ಸೇರಿಸುತ್ತೇನೆ. ಟ್ಯಾಬ್ಲೆಟನ್ನು ಹಗಲು ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಊದಿಕೊಳ್ಳುವ ಸಾಧ್ಯತೆ ಇದೆ. ಚಾರ್ಜರನ್ನು ಒಂದು ಸ್ಮಾರ್ಟ್ ಪ್ಲಗ್ಗಿಗೆ ಸಿಕ್ಕಿಸಿ, ಬ್ಯಾಟರಿ ಶೇಕಡಾ 30ಕ್ಕೆ ಇಳಿದಾಗ ಹಾಕಿ 80ಕ್ಕೆ ಏರಿದಾಗ ಆರಿಸುವ ಆಟೊಮೇಷನ್ ಬರೆಯಿರಿ. ಆಫೀಸಿನಿಂದ ನೋಡಲು ರೂಟರಿನಲ್ಲಿ 8123 ಪೋರ್ಟನ್ನು (ಹೋಮ್ ಅಸಿಸ್ಟೆಂಟ್‌ನ ಬಾಗಿಲು) ಹೊರಜಗತ್ತಿಗೆ ತೆರೆಯಬೇಡಿ. ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್‌ನಂಥ ಸುರಕ್ಷಿತ ಖಾಸಗಿ ಸಂಪರ್ಕದ (ವಿಪಿಎನ್) ಮೂಲಕ ಮನೆಯ ಜಾಲಕ್ಕೆ ಬನ್ನಿ. ರೂಟರ್ ಮತ್ತು ರಾಸ್ಪ್‌ಬೆರಿ ಪೈ ಎರಡೂ ಯುಪಿಎಸ್ ಲೈನಿನಲ್ಲಿರಲಿ.

ಪ್ರಶ್ನೆ ಕೇಳಿದವರಿಂದ (ಮೂರು ವಾರಗಳ ನಂತರ)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ವಿದ್ಯಾರಣ್ಯಪುರದ ಹಿರಿಯರ ಗುಮಾನಿ ನಿಜವಾಗಿತ್ತು. ರಿಲೇಯನ್ನು ಬಿಚ್ಚಿ ನೋಡಿದಾಗ ಸಂಪರ್ಕಬಿಂದುಗಳು ಕಪ್ಪಾಗಿ ಅಂಟಿಕೊಂಡ ಗುರುತು ಕಂಡಿತು. ಎಲೆಕ್ಟ್ರಿಷಿಯನ್ ಬಂದು ಕಾಂಟ್ಯಾಕ್ಟರ್ ಮತ್ತು ಫ್ಲೋಟ್ ಸ್ವಿಚ್ಚು ಹಾಕಿದರು, ಸಿಟಿ ಕ್ಲ್ಯಾಂಪನ್ನು ಎಸ್.ಪಿ. ರಸ್ತೆಯಿಂದ ತಂದು ಇಎಸ್‌ಪಿ 32 ಎಂಬ ವೈ-ಫೈ ಇರುವ ಸಣ್ಣ ಚಿಪ್ ಬೋರ್ಡಿಗೆ ಜೋಡಿಸಿದೆ.

ಮೊದಲ ಪುಟದಲ್ಲಿ ಈಗ ನಾಲ್ಕು ವಾಕ್ಯಗಳು ಮತ್ತು ಎರಡು ಗುಂಡಿಗಳಿವೆ. ವಾಕ್ಯಗಳನ್ನು ಅಮ್ಮನಿಂದಲೇ ಹೇಳಿಸಿ ಬರೆದುಕೊಂಡೆ. ಅಪ್ಪ ಮೊದಲ ವಾರ ಪ್ರತಿದಿನ ಪರದೆಯಲ್ಲಿ ಓದಿ, ನಂತರ ತಾರಸಿಗೆ ಹತ್ತಿ, ಅಳತೆಕೋಲನ್ನು ಇಳಿಬಿಟ್ಟು ತಾಳೆ ನೋಡಿದರು. ನಾಲ್ಕನೆಯ ದಿನ ಅವರೇ ಒಂದು ದೋಷ ಹಿಡಿದರು: ಟ್ಯಾಂಕ್ ಕಂಠಮಟ್ಟ ತುಂಬಿದಾಗ ಪರದೆ ಅಸಂಬದ್ಧ ಸಂಖ್ಯೆ ತೋರಿಸುತ್ತಿತ್ತು. ಪ್ರತಿಧ್ವನಿಯಿಂದ ದೂರ ಅಳೆಯುವ ಆ ಅಲ್ಟ್ರಾಸಾನಿಕ್ ಸೆನ್ಸರಿಗೆ ಸುಮಾರು 20ರಿಂದ 25 ಸೆಂಟಿಮೀಟರ್‌ಗಿಂತ ಹತ್ತಿರದ ನೀರು ಕಾಣುವುದಿಲ್ಲವಂತೆ. ಒಂದು ಪೈಪಿನ ತುಂಡನ್ನು ಮುಚ್ಚಳಕ್ಕೆ ಕೂರಿಸಿ ಸೆನ್ಸರನ್ನು ಎತ್ತರಿಸಿದ ಮೇಲೆ ಸರಿಯಾಯಿತು. ಈಗ ಅವರು ಭಾನುವಾರ ಮಾತ್ರ ಹತ್ತುತ್ತಾರೆ.

ಒಂದು ಪ್ರಶ್ನೆ ಉಳಿದಿದೆ. ಮೋಟಾರ್ ನಿಂತಿರುವಾಗ ಸಂಪಿನ ಮಟ್ಟ ಏರಿದರೆ 'ಕಾವೇರಿ ನೀರು ಬರುತ್ತಿದೆ' ಎಂದು ತೋರಿಸುವಂತೆ ಮಾಡಿದ್ದೇನೆ. ಆದರೆ ನೀರು ಬಾರದ ದಿನವೂ ಒಮ್ಮೊಮ್ಮೆ ಹಾಗೆ ತೋರಿಸುತ್ತದೆ. ಏನು ಮಾಡಬಹುದು?

ಉತ್ತರ 2ರವರಿಂದ ಮತ್ತೆ

ಮೋಟಾರ್ ನಿಂತ ಬಳಿಕ ಸ್ವಲ್ಪ ಹೊತ್ತು ನೀರು ತುಯ್ಯುತ್ತಿರುತ್ತದೆ, ಸೆನ್ಸರಿನ ಮುಖದ ಮೇಲೆ ಕುಳಿತ ತೇವವೂ ಅಳತೆಯನ್ನು ಏರುಪೇರು ಮಾಡುತ್ತದೆ. ಮೋಟಾರ್ ನಿಂತು ಹತ್ತು ನಿಮಿಷದವರೆಗಿನ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಐದು ಅಳತೆಗಳನ್ನು ತೆಗೆದುಕೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವುದನ್ನು ಮಾತ್ರ ಇಟ್ಟುಕೊಳ್ಳಿ. ಇಎಸ್‌ಪಿ 32ರಂಥ ಬೋರ್ಡುಗಳಿಗಿರುವ ಇಎಸ್‌ಪಿಹೋಮ್ ತಂತ್ರಾಂಶದಲ್ಲಿ ಇದಕ್ಕೆ ಮೀಡಿಯನ್ ಫಿಲ್ಟರ್ ಎಂದು ಇದೆ. ಹದಿನೈದು ನಿಮಿಷದಲ್ಲಿ ಕನಿಷ್ಠ ಮೂರು ಸೆಂಟಿಮೀಟರ್ ಏರಿದರೆ ಮಾತ್ರ ನೀರು ಬಂದಿದೆ ಎಂದು ಬರೆಸಿ. ತಮ್ಮ ಸಂಪು ದೊಡ್ಡದಿದ್ದು ಬೀದಿಯ ನೀರು ಸಣ್ಣಗೆ ಬರುವುದಾದರೆ ಆ ಮೂರನ್ನು ಎರಡಕ್ಕೆ ಇಳಿಸಿ, ಒಂದು ವಾರ ನೋಟುಪುಸ್ತಕದೊಡನೆ ತಾಳೆ ನೋಡಿ.