ಟೆಕ್‌ಟ್ರಾನಿಕ್ಸ್ 4010 ಟರ್ಮಿನಲ್ ಲ್ಯಾಪ್‌ಟಾಪಿಗೆ ಹೆಂಗ ಜೋಡ್ಸೋದ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿ ಉದ್ಯಮಬಾಗದಾಗ ಗುಜರಿ ಅಂಗಡ್ಯಾಗ ಟೆಕ್‌ಟ್ರಾನಿಕ್ಸ್ 4010 (ಕಂಪ್ಯೂಟರಿಗೆ ಹಚ್ಚೂ ಹಳೇ ಕಾಲದ ಸ್ಕ್ರೀನ್-ಕೀಬೋರ್ಡ್) ಸಿಕ್ಕೈತಿ, ತೂಕದ ಲೆಕ್ಕದಾಗ ತಂದೀನಿ, ಹಿಂದ 25 ಪಿನ್ನಿನ ಆರ್‌ಎಸ್-232 (ಹಳೇ ಸೀರಿಯಲ್) ಕನೆಕ್ಟರ್ ಐತಿ. ಯುಎಸ್‌ಬಿ-ಸೀರಿಯಲ್ ವಾಯರ್ 9 ಪಿನ್ನಿಂದು. ಇನ್ನೂ ಕರೆಂಟ್ ಕೊಟ್ಟಿಲ್ಲ, ಏನ್ ಮಾಡ್ಲಿ?

ಉತ್ತರ 1 (ಬಾಗಲಕೋಟೆ):
ಕರೆಂಟ್ ಕೊಡದ ಇದ್ದದ್ದು ಭಾಳ ಚಲೋ ಆತ್ರಿ! ಮೊದಲ ಒಳಗ ವೋಲ್ಟೇಜ್ 115ಕ್ಕ ಐತೋ 230ಕ್ಕ ಐತೋ ನೋಡ್ರಿ, ದೊಡ್ಡ ಕೆಪ್ಯಾಸಿಟರ್ ಉಬ್ಬ್ಯಾವೇನು ನೋಡ್ರಿ, ಪಿಕ್ಚರ್ ಟ್ಯೂಬಿನ ಹತ್ರ ಸಾವಿರಾರು ವೋಲ್ಟ್ ಇರ್ತೈತಿ, ಒಬ್ರ ಕೂತು ಕೈ ಹಾಕಬ್ಯಾಡ್ರಿ. ವಾಯರಿಂಗಿನಾಗ ಎರಡೂ ಕಡೆ ಡಿಟಿಇ (ಕಂಪ್ಯೂಟರ್, ಟರ್ಮಿನಲ್ ಕಡೇದ ಪಿನ್ ಜೋಡಣಿ), ಹಂಗಾಗಿ ನಲ್ ಮೋಡೆಮ್ (ಕಳಸೋ ತಂತಿ ತಗೊಳ್ಳೋ ಪಿನ್ನಿಗೆ ಕ್ರಾಸ್ ಮಾಡೂ ಜೋಡಣಿ) ಬೇಕು. 9 ಪಿನ್ನಿನ 2ನೇದ್ದು 25ರ 2ಕ್ಕ, 3 ಹೋಗಿ 3ಕ್ಕ, 5 ಹೋಗಿ 7ಕ್ಕ (ಇದು ಗ್ರೌಂಡ್). ನಂಬರ್ ನೇರ ಕಾಣಸ್ತಾವ ಖರೆ, ಆದ್ರ 9 ಪಿನ್ನಿನಾಗ 3 ಕಳಸೋದು, 25ರಾಗ 3 ತಗೊಳ್ಳೋದು, ಅದಕ್ಕ ಕ್ರಾಸ್ ತಾನ ಆಗ್ತೈತಿ.

ಉತ್ತರ 2 (ವಿಜಯಪುರ):
1972ರ ಮಷೀನ್ರಿ ಅದು! ಚಿತ್ರ ಇಟ್ಕೊಳ್ಳಾಕ ಮೆಮೊರಿನ ಇಲ್ಲ, ಗೆರಿ ಟ್ಯೂಬಿನ ಫಾಸ್ಫರ್ (ಬೆಳಗೂ ಲೇಪ) ಮ್ಯಾಲೇ ಉಳಿತೈತಿ, ಅದಕ್ಕ ಒಂದ ಗೆರಿ ಅಳಸಾಕ ಬರೂದಿಲ್ಲ, ಅಳಿಸಿದ್ರ ಪೂರ್ತಿ ಸ್ಕ್ರೀನ್ ಹಸರಾಗಿ ಮಿಂಚಿ ಖಾಲಿ ಆಗ್ತೈತಿ. ಲ್ಯಾಪ್‌ಟಾಪಿಂದ ಹೆಕ್ಸ್ (16ರ ಲೆಕ್ಕದ ನಂಬರ್) 1ಡಿ ಕೋಡ್ ಕಳಿಸಿದ್ರ ಗ್ರಾಫಿಕ್ಸ್ ಮೋಡ್, 1ಎಫ್ ಕಳಿಸಿದ್ರ ಮತ್ತ ಅಕ್ಷರ. 1ಡಿ ಆದ ಮ್ಯಾಲೆ ಮೊದಲನೇ ಪಾಯಿಂಟಿಗೆ ಗೆರಿ ಬೀಳೂದಿಲ್ಲ, ಬೀಮ್ ಅಲ್ಲಿಗೆ ಹೋಗಿ ನಿಲ್ತೈತಿ ಅಷ್ಟ. ಅಡ್ಡ 1024, ಉದ್ದ 780 ಪಾಯಿಂಟ್ ಕಾಣಸ್ತಾವ. ಒಂದ ಚಿತ್ರ ಭಾಳ ಹೊತ್ತು ಬಿಡಬ್ಯಾಡ್ರಿ, ಟ್ಯೂಬ್ ಸುಡ್ತೈತಿ, ಮತ್ತೊಂದ್ ಸಿಗೂದು ಕಷ್ಟ.

ಕೇಳಿದವ್ರು:
ಭಾಳ ಉಪಕಾರ ಆತ್ರಿ. ಕವರ್ ಬಿಚ್ಚೀನಿ, 115ಕ್ಕ ಐತಿ! ಹಂಗ ಹಚ್ಚಿದ್ರ ಮುಗಿತಿತ್ತು. ನಾಳೆ ಗೆಳ್ಯಾನ್ನ ಕರ್ಕೊಂಡ ಕೂಡ್ತೀನಿ.