3ನೇ ಕ್ರಾಸ್ ಗುಂಪು: ರಾತ್ರಿ 2:47ರ ವಿಷಯ

17/ಎ (ಬೆಳಿಗ್ಗೆ 5:52)
ಎಲ್ಲರೂ ಎದ್ದ ಮೇಲೆ ನೋಡಿ. ಇಲ್ಲ, ಈಗಲೇ ಎದ್ದು ನೋಡಿ. ರಾತ್ರಿ 2:47ಕ್ಕೆ ಯಾರೋ ನನ್ನ ಕಾರಿನ ಬಾಗಿಲು ತೆಗೆದಿದ್ದಾರೆ, ಸ್ಟಾರ್ಟ್ ಮಾಡಿದ್ದಾರೆ, ರಿವರ್ಸ್ ತೆಗೆದುಕೊಂಡಿದ್ದಾರೆ, ಆಮೇಲೆ ಹಾಗೇ ಬಿಟ್ಟು ಓಡಿದ್ದಾರೆ. ಗಾಜು ಒಡೆದಿಲ್ಲ. ಲಾಕ್ ಮುರಿದಿಲ್ಲ. ಎರಡು ಕೀಯೂ ಮನೆಯೊಳಗೆ, ಮುಂಬಾಗಿಲ ಪಕ್ಕದ ಮೊಳೆಯಲ್ಲೇ ನೇತಾಡುತ್ತಿವೆ. ಕಾರಿನ ಆ್ಯಪ್ ಮಾತ್ರ ಪಾಪ 'ಬಾಗಿಲು ತೆರೆದಿದೆ' ಅಂತ ಮೆಸೇಜ್ ಹಾಕಿದೆ. ಫೋನ್ ಸೈಲೆಂಟ್‌ನಲ್ಲಿತ್ತು. ಲ್ಯಾಪ್‌ಟಾಪ್ ಬ್ಯಾಗ್ ಹೋಯಿತು, ಆರ್‌ಸಿ ಹೋಯಿತು, ಮಗಳ ಡ್ಯಾನ್ಸ್ ಕ್ಲಾಸಿನ ಗೆಜ್ಜೆ ಕೂಡ ಹೋಯಿತು. ಆ ಕಂಬದ ಲೈಟು ಹೋಗಿ ಎಷ್ಟು ತಿಂಗಳಾಯಿತು? ನಾನು ಇಲ್ಲಿ ಎಷ್ಟು ಸಲ ಬರೆದೆ? ಸಾಕಾಗಿದೆ. ಇವತ್ತೇ ಏನಾದರೂ ತೀರ್ಮಾನ ಆಗಬೇಕು.

ಮೂಲೆಮನೆ ರಾಯರು (5:58)
ಸಮಾಧಾನ ಮಾಡಿಕೊಳ್ಳಿ. ಕಾರು ಯಾಕೆ ಉಳಿಯಿತು ಅಂತ ಯೋಚನೆ ಮಾಡಿದಿರಾ? ಮುಂದೆ ಹೊಂಗೆ ಮರ, ಹಿಂದೆ ನನ್ನ ಗಾಡಿ. 'ಅಲ್ಲಿ ನಿಲ್ಲಿಸಬೇಡಿ' ಅಂತ ಯುಗಾದಿಯಿಂದ ಈ ಗುಂಪಿನಲ್ಲಿ ನನ್ನ ಮಾನ ಹರಾಜು ಹಾಕಿದ್ದೀರಲ್ಲ, ಅದೇ ಗಾಡಿ.

ಮೂಲೆಮನೆ ರಾಯರು (5:59)
ಅಂದ ಹಾಗೆ ನನ್ನ ಬಂಪರ್ ಒಳಗೆ ಹೋಗಿದೆ. ಫೋಟೊ ಹಾಕಿದ್ದೇನೆ.

9ನೇ ಮನೆ (6:20)
ಗೆಜ್ಜೆ ಕದ್ದವನನ್ನು ಹಿಡಿಯೋದು ಸುಲಭ ಸಾರ್. ನಡೆದರೆ ಸದ್ದಾಗುತ್ತದೆ.

17/ಎ (6:21)
ತಮಾಷೆ ಬೇಡ. ಮಗಳು ಅಳುತ್ತಿದ್ದಾಳೆ.

22 ಮೇಲ್ಮನೆ (6:44)
ಅಂಕಲ್, ಇದು ಕೀಲೆಸ್ ಕಾರಿನ, ಅಂದರೆ ಕೀ ಜೇಬಿನಲ್ಲಿದ್ದರೆ ಸಾಕು ತೆರೆದುಕೊಳ್ಳುವ ಕಾರಿನ ಹಳೇ ಕಾಯಿಲೆ. ಹಿಡಿ ಮುಟ್ಟಿದ ಕೂಡಲೇ ಕಾರು 'ಕೀ, ಇದ್ದೀಯಾ?' ಅಂತ ಸಣ್ಣಗೆ ಕೂಗುತ್ತದೆ. ಆ ಕೂಗು ಒಂದೆರಡು ಮೀಟರ್ ಆಚೆ ಕೇಳಿಸಲ್ಲ. ಅದಕ್ಕೇ ಕಳ್ಳರು ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ ನಿಂತು ಆ ಕೂಗು ಹಿಡಿಯುತ್ತಾನೆ. ಇನ್ನೊಬ್ಬ ನಿಮ್ಮ ಬಾಗಿಲ ಹತ್ತಿರ ಪೆಟ್ಟಿಗೆ ಹಿಡಿದು ಅದನ್ನೇ ಮೊಳೆಯಲ್ಲಿರುವ ಕೀಗೆ ಕೇಳಿಸುತ್ತಾನೆ. ಕೀ ಪಾಪ 'ಇದ್ದೀನಿ' ಅನ್ನುತ್ತದೆ. ಕಾರು ನಂಬಿಬಿಡುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಆಮೇಲೆ ಕೀ ದೂರ ಹೋದರೂ ಇಂಜಿನ್ ನಿಲ್ಲಲ್ಲ, ಓಡುವ ಗಾಡಿ ನಡುರಸ್ತೆಯಲ್ಲಿ ನಿಂತರೆ ಅಪಾಯ ಅಂತ ಹಾಗೆ ಮಾಡಿರುತ್ತಾರೆ. ನಿನ್ನೆ ಆದದ್ದು ಇದೇ ಅಂತ ಆಣೆ ಮಾಡಲ್ಲ. ಆದರೆ ಕೀ ಬಾಗಿಲ ಪಕ್ಕ ಇಡಬೇಡಿ.

ಮೂಲೆಮನೆ ರಾಯರು (6:49)
ನಿನಗೆ ಇಷ್ಟೆಲ್ಲ ಹೇಗೆ ಗೊತ್ತಪ್ಪಾ?

22 ಮೇಲ್ಮನೆ (6:50)
ಅಂಕಲ್, ನನ್ನ ಕೆಲಸವೇ ಅದು.

ಮೂಲೆಮನೆ ರಾಯರು (6:55)
ನಾನು ಯಾರನ್ನೂ ಬೊಟ್ಟು ಮಾಡುತ್ತಿಲ್ಲ. ಆದರೆ ಬಾಡಿಗೆಗೆ ಬಂದ ಹುಡುಗರು ರಾತ್ರಿ 2 ಗಂಟೆವರೆಗೆ ಎದ್ದಿರುತ್ತಾರೆ, ಯಾರೂ ಏನೂ ನೋಡಿಲ್ಲ ಅಂದರೆ ಹೇಗೆ? ವಾಚ್‌ಮನ್ ಇದ್ದಾಗ ಹೀಗಾಗಿತ್ತಾ? ಅವನ ಸಂಬಳಕ್ಕೆ 38 ಮನೆಯಲ್ಲಿ 11 ಮನೆ ಮಾತ್ರ ದುಡ್ಡು ಕೊಟ್ಟಿದ್ದು. ಪಟ್ಟಿ ನನ್ನ ಹತ್ತಿರ ಇದೆ. ಹಾಕಲಾ?

31 ಮೇಡಂ (6:57)
ಹಾಕಿ ರಾಯರೇ. ನಿಮ್ಮ ಮೇಲಿನ ಪೋರ್ಷನ್‌ನವರ ಹೆಸರೂ ಇರಲಿ.

(ಇಲ್ಲಿ ಅಡ್ಮಿನ್ 4 ಮೆಸೇಜ್ ಅಳಿಸಿದ್ದಾರೆ.)

ಮೇಷ್ಟ್ರು (7:15)
*ಫಾರ್ವರ್ಡ್* ಎಚ್ಚರ! ಎಚ್ಚರ! ಸಿಗ್ನಲ್‌ನಲ್ಲಿ ಗಾಜು ಒರೆಸುವ ಹುಡುಗರು ಕೈಗಡಿಯಾರದಿಂದ ನಿಮ್ಮ ಫಾಸ್ಟ್ಯಾಗ್ ಸ್ಕ್ಯಾನ್ ಮಾಡಿ ಹಣ ಎಗರಿಸುತ್ತಾರೆ. ಕನಿಷ್ಠ 10 ಗುಂಪಿಗೆ ಕಳಿಸಿ.

22 ಮೇಲ್ಮನೆ (7:19)
ಮೇಷ್ಟ್ರೇ, ಇದು 2022ರ ಜೂನ್‌ನಲ್ಲಿ ಓಡಾಡಿದ ಸುಳ್ಳು ವಿಡಿಯೊ. ಫಾಸ್ಟ್ಯಾಗ್ ಪಾವತಿ ನಡೆಸುವ ಎನ್‌ಪಿಸಿಐ ಆಗಲೇ ಸುಳ್ಳು ಅಂತ ಹೇಳಿದೆ. ಫಾಸ್ಟ್ಯಾಗ್ ದುಡ್ಡು ನೋಂದಣಿಯಾದ ಟೋಲು, ಪಾರ್ಕಿಂಗಿನವರಿಗೆ ಮಾತ್ರ ಹೋಗುತ್ತದೆ. ಯಾರದೋ ವಾಚಿಗೆ ಹೋಗಲ್ಲ.

ಮೇಷ್ಟ್ರು (7:20)
ಆದರೂ ಜಾಗ್ರತೆ ಒಳ್ಳೆಯದಲ್ವಾ.

31 ಮೇಡಂ (7:31)
17/ಎ ಅವರೇ, ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಟ್ಟಿರಾ? ಮೊದಲು ಅದು ಮಾಡಿ, ಡೂಪ್ಲಿಕೇಟ್ ಆರ್‌ಸಿಗೂ ಬೇಕಾಗುತ್ತದೆ. ಅಲ್ಲಿವರೆಗೆ ಡಿಜಿಲಾಕರ್‌ನಲ್ಲಿರುವ ಆರ್‌ಸಿ ತೋರಿಸಬಹುದು. ಎರಡು ಕೀಯೂ ಜೋಪಾನ. ನಾಳೆ ಕಾರೇ ಹೋದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು ಎರಡು ಕೀ. ನಮ್ಮ ಅಣ್ಣನ ಮನೆಯಲ್ಲಿ ಒಂದು ಕೀ ಸಿಗದೆ ಕ್ಲೇಮ್ ವರ್ಷಗಟ್ಟಲೆ ಎಳೆಯಿತು.

17/ಎ (7:40)
ಈಗ ಸ್ಟೇಷನ್ನಿಗೇ ಹೊರಟೆ. ಗುಡಿ ಹತ್ತಿರದ ಕ್ಯಾಮೆರಾದಲ್ಲಿ ಏನಾದರೂ ಸಿಕ್ಕಿರಬೇಕು. ಯಾರಾದರೂ ತೆಗೆದುಕೊಡಿ, ಪೊಲೀಸರೂ ಅದನ್ನೇ ಕೇಳುತ್ತಾರೆ.

9ನೇ ಮನೆ (7:42)
ಕ್ಯಾಮೆರಾ ರೆಕಾರ್ಡ್ ಆಗುವ ಡಿವಿಆರ್ ಗುಡಿ ರೂಮಿನಲ್ಲಿದೆ. ಪಾಸ್‌ವರ್ಡ್ ಹಳೇ ಸೆಕ್ರೆಟರಿ ಹತ್ತಿರ.

17/ಎ (7:42)
ಹಳೇ ಸೆಕ್ರೆಟರಿ ಎಲ್ಲಿ?

9ನೇ ಮನೆ (7:43)
ಕೆನಡಾದಲ್ಲಿ.

ಹಳೇ ಸೆಕ್ರೆಟರಿ (8:05)
ಗುಂಪು ಬಿಟ್ಟಿಲ್ಲಪ್ಪಾ, ಇಲ್ಲೇ ಇದ್ದೇನೆ. ಪಾಸ್‌ವರ್ಡ್ ಡೈರಿಯಲ್ಲಿದೆ, ಡೈರಿ ಅಲ್ಲೇ ಅಟ್ಟದ ಮೇಲಿದೆ. ಮಗ ಟೊರೊಂಟೊ ಪಕ್ಕದಲ್ಲಿರೋದು, ಇಲ್ಲಿ ಈ ಕಳ್ಳತನ ನಿತ್ಯದ ಮಾತು. 2024ರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಸಭೆಯಲ್ಲಿ ಏನು ಹೇಳಿದ ಗೊತ್ತಾ? ಕೀಯನ್ನು ಮುಂಬಾಗಿಲ ಹತ್ತಿರವೇ ಇಡಿ, ಇಲ್ಲದಿದ್ದರೆ ಅದಕ್ಕೋಸ್ಕರ ಮನೆಗೆ ನುಗ್ಗುತ್ತಾರೆ ಅಂತ. ಊರೆಲ್ಲ ನಕ್ಕಿತು. ಕದ್ದ ಕಾರು ಕಂಟೈನರ್ ಸೇರಿ ಮಾಂಟ್ರಿಯಲ್ ಬಂದರಿನಿಂದ ಹಡಗು ಹತ್ತುತ್ತದೆ. ಅದೇ ವರ್ಷ ಅಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 598 ಗಾಡಿ ಸಿಕ್ಕವು. ಮಗ ಈಗ ಸ್ಟೀರಿಂಗ್‌ಗೆ ಕಬ್ಬಿಣದ ರಾಡ್ ಲಾಕ್ ಹಾಕುತ್ತಾನೆ. ನಮ್ಮಪ್ಪ ಅಂಬಾಸಿಡರ್‌ಗೆ ಸರಪಳಿ ಬಿಗಿಯುತ್ತಿದ್ದರು, ಅಲ್ಲಿಗೇ ವಾಪಸ್ ಬಂದೆವು.

17/ಎ (8:07)
ಸಾರ್, ಅಟ್ಟದ ಬೀಗದ ಕೈ ಎಲ್ಲಿದೆ?

ಹಳೇ ಸೆಕ್ರೆಟರಿ (8:30)
ಅದು ಇಲ್ಲಿ ಬಂದುಬಿಟ್ಟಿದೆ.

31 ಮೇಡಂ (10:10)
ನಾನು ಪರೀಕ್ಷೆ ಮಾಡಿದೆ. ಚಕ್ಕುಲಿ ಡಬ್ಬದಲ್ಲಿ ಕೀ ಇಟ್ಟು, ಮುಚ್ಚಳ ಹಾಕಿ, ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಹಿಡಿ ಎಳೆದೆ. ಟಕ್ ಅಂತ ತೆಗೆಯಿತು! ಮುಚ್ಚಳ ಸಡಿಲ ಇತ್ತು ಅನ್ನಿಸುತ್ತದೆ. ಮಸಾಲೆ ಡಬ್ಬವೂ ಫೇಲ್, ಈಗ ಕೀ ಎಲ್ಲ ಇಂಗಿನ ವಾಸನೆ. ಕೊನೆಗೆ ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಎರಡು ಸುತ್ತು ಸುತ್ತಿದೆ. ಮೂರು ಸಲ ಎಳೆದರೂ ಕಾರು ಸುಮ್ಮನೆ ನಿಂತಿತ್ತು. ಎದುರುಮನೆ ಆಂಟಿ ಕಿಟಕಿಯಿಂದ ನೋಡುತ್ತಿದ್ದರು. ಆಂಟಿ, ನಾನೇ, ಕಳ್ಳಿ ಅಲ್ಲ.

ಮೂಲೆಮನೆ ರಾಯರು (10:14)
ಫಾಯಿಲ್ ಎಲ್ಲ ಬೇಡ. ಕೀ ತಿರುಗಿಸಿ ಓಡಿಸುವ ಗಾಡಿ ತೆಗೆದುಕೊಳ್ಳಿ, ನನ್ನ ಹಾಗೆ. 14 ವರ್ಷ ಆಯಿತು.

22 ಮೇಲ್ಮನೆ (10:30)
ಮೇಡಂ ಸೂಪರ್. ದಿನಾ ಬಳಸೋಕೆ ಕೀ ಸಿಗ್ನಲ್ ತಡೆಯುವ ಫ್ಯಾರಡೇ ಚೀಲ ಅಂತ ಸಿಗುತ್ತದೆ, ಅದೂ ಹೀಗೇ ಎಳೆದು ನೋಡಿಯೇ ನಂಬಿ. ಕೆಲವು ಕಾರಿನಲ್ಲಿ ಕೀಲೆಸ್ ಸೌಲಭ್ಯವನ್ನೇ ಆಫ್ ಮಾಡಬಹುದು, ಸರ್ವಿಸ್‌ಗೆ ಹೋದಾಗ ಕೇಳಿ. ಆದರೆ ಕೀ ಸುತ್ತಿಟ್ಟರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ ಇಯಾನ್ ಟೇಬರ್ ಅಂತ ಕಾರು ಸೆಕ್ಯುರಿಟಿ ತಜ್ಞರೇ ಇದ್ದಾರೆ. 2022ರಲ್ಲಿ ಅವರ ಕಾರಿನ ಬಂಪರ್ ಕಿತ್ತು, ಹೆಡ್‌ಲೈಟ್ ವೈರಿಗೆ ಕೈ ಹಾಕಿದ್ದರು. ಯಾರೋ ಪೋಲಿ ಹುಡುಗರು ಅಂದುಕೊಂಡರು. ಕೆಲವು ತಿಂಗಳಲ್ಲಿ ಕಾರೇ ಹೋಯಿತು. ಹುಡುಕಿದರೆ, ಬ್ಲೂಟೂತ್ ಸ್ಪೀಕರ್ ಹಾಗೆ ಕಾಣುವ ಡಬ್ಬವನ್ನು ಹೆಡ್‌ಲೈಟ್ ವೈರಿಗೆ ಸಿಕ್ಕಿಸಿ, 'ಕೀ ಸರಿಯಾಗಿದೆ' ಅಂತ ಕಾರಿನೊಳಗೇ ಸುಳ್ಳು ಸಂದೇಶ ಕಳಿಸುವ ವಿದ್ಯೆ ಅದು. ಕೀ ಬೇಕೇ ಇಲ್ಲ.

ಮೂಲೆಮನೆ ರಾಯರು (10:33)
ಬಂಪರ್ ಅಂದಿರಲ್ಲ, ನೆನಪಾಯಿತು. ಗ್ಯಾರೇಜಿನವನು 6,500 ಹೇಳುತ್ತಿದ್ದಾನೆ. 17/ಎ ಕೊಡುತ್ತಾರಾ, ಸಂಘ ಕೊಡುತ್ತದಾ?

17/ಎ (10:34)
ನಿಮ್ಮ ಗಾಡಿಗೆ ಗುದ್ದಿದ್ದು ಕಳ್ಳ ಸಾರ್!

ಮೂಲೆಮನೆ ರಾಯರು (10:34)
ಗುದ್ದಿದ್ದು ನಿಮ್ಮ ಕಾರು.

ಅಡ್ಮಿನ್ (ಮಧ್ಯಾಹ್ನ 12:00)
ದಯವಿಟ್ಟು ವೋಟ್ ಹಾಕಿ. ಹೊಸ ಕ್ಯಾಮೆರಾ, ವಾಚ್‌ಮನ್, ಬೀದಿ ಲೈಟು, ಯಾವುದು ಮೊದಲು? ಭಾನುವಾರ 10ಕ್ಕೆ ಗುಡಿ ಮುಂದೆ ಸಭೆ.

ಅಡ್ಮಿನ್ (ರಾತ್ರಿ 9:00)
ಕ್ಯಾಮೆರಾ 6, ವಾಚ್‌ಮನ್ 6, ಲೈಟು 6. ಒಬ್ಬರು ಮೂರಕ್ಕೂ ಹಾಕಿದ್ದಾರೆ. ಮೇಷ್ಟ್ರೇ?

ಮೇಷ್ಟ್ರು (9:04)
ಮೂರೂ ಬೇಕಲ್ವಾ.

31 ಮೇಡಂ (9:10)
ದುಡ್ಡು ಎಲ್ಲಿಂದ? ಗಣೇಶನ ಹಬ್ಬದಲ್ಲಿ ಉಳಿದದ್ದು ಎಷ್ಟು, ಲೆಕ್ಕ ಇನ್ನೂ ಬಂದಿಲ್ಲ.

ಮೂಲೆಮನೆ ರಾಯರು (9:11)
ಲೆಕ್ಕ ಸಭೆಯಲ್ಲಿ ಹೇಳುತ್ತೇನೆ ಅಂತ ಆಗಲೇ ಹೇಳಿದ್ದೇನೆ.

9ನೇ ಮನೆ (ಮರುದಿನ ಬೆಳಿಗ್ಗೆ 7:05)
ನನ್ನ ಕಾರು ಸ್ಟಾರ್ಟ್ ಆಗುತ್ತಿಲ್ಲ! ಮುಂದಿನ ಬಂಪರ್ ಕೆಳಗೆ ವೈರು ನೇತಾಡುತ್ತಿದೆ. ಅದೇ ಹೆಡ್‌ಲೈಟ್ ಕಳ್ಳರು ಇರಬೇಕು. ಯಾರಾದರೂ ಬನ್ನಿ!

22 ಮೇಲ್ಮನೆ (7:25)
ಬಂದು ನೋಡಿದೆ. ಅಂಕಲ್, ಬಾನೆಟ್ ಒಳಗೆ ಅರ್ಧ ತಿಂದ ತೆಂಗಿನ ಚೂರು, ಒಂದು ಹಿಡಿ ಹಿಕ್ಕೆ. ಇದು ಹೆಗ್ಗಣ.

31 ಮೇಡಂ (7:27)
ಅಯ್ಯೋ ನಮ್ಮದೂ ಹೋದ ತಿಂಗಳು ಕಡಿದಿತ್ತು!

ಎದುರುಮನೆ ಆಂಟಿ (7:30)
ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಇಂಜಿನ್ ಹತ್ತಿರ ಇಡಿ. ನಮ್ಮವರು ಹಾಗೇ ಮಾಡೋದು.

ಮೇಷ್ಟ್ರು (7:31)
ನುಸಿಗುಳಿಗೆ ಉತ್ತಮ.

ಮೂಲೆಮನೆ ರಾಯರು (7:35)
ಎಲ್ಲ ಆ ಮೋರಿಯಿಂದ ಬರುತ್ತಿರೋದು. ಚಪ್ಪಡಿ ಒಡೆದು ಎರಡು ವರ್ಷ ಆಯಿತು. ಭಾನುವಾರ ಮೊದಲು ಮೋರಿ ವಿಷಯ ತೆಗೆದುಕೊಳ್ಳೋಣ. ನಾನು ಅರ್ಜಿ ಬರೆದು ತರುತ್ತೇನೆ, ಎಲ್ಲರೂ ಸಹಿ ಹಾಕಿ.

ಅಡ್ಮಿನ್ (7:40)
ಸರಿ. ಭಾನುವಾರ: ಮೋರಿ, ಹೆಗ್ಗಣ.

(ಇದಕ್ಕೆ 23 ಜನ ಹೆಬ್ಬೆರಳು ಒತ್ತಿದ್ದಾರೆ.)

17/ಎ (8:15)
ಪಾಸ್‌ವರ್ಡ್ ಸಿಕ್ಕಿತಾ ಯಾರಿಗಾದರೂ?

ಮೂಲೆಮನೆ ರಾಯರು (8:40)
17/ಎ, ಬಂಪರ್.